ಬುಲೆಟ್ಟಿನ ಹಿಂದಿನ ಸೀಟು

ಪೆರೇಸಂದ್ರದ ಚೆನ್ನರಾಯಪ್ಪ ಹೊಸದಾಗಿ ಕೊಂಡ ಬುಲೆಟ್ ಮೋಟಾರ್ ಸೈಕಲ್ಲಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಚಿಂತಾಮಣಿಗೆ ಹೊರಟಿದ್ದ. ಮದುವೆಯಾದ ಮೇಲೆ ವೆಂಕಟರತ್ನಮ್ಮ ಮೊದಲ ಸಲ ತವರಿಗೆ ಹೋಗುತ್ತಿದ್ದಳು. ಹೊರಡುವಾಗ ಅತ್ತೆ ಕದಿರಮ್ಮ ಸೊಸೆಗೆ ಬುದ್ಧಿ ಹೇಳಿದ್ದರು: "ನಾಕು ಜನ ಓಡಾಡೋ ರಸ್ತೆ ಕಣಮ್ಮ. ಗಂಡನ್ನ ಮುಟ್ಕೊಂಡು ಕೂತ್ಕೋಬೇಡ. ಹಿಂದೆ ಕಂಬಿ ಐತೆ, ಅದನ್ನ ಹಿಡ್ಕೋ." ಸಾಲದ್ದಕ್ಕೆ ಗಂಡಹೆಂಡಿರ ನಡುವೆ ಬಟ್ಟೆಯ ದೊಡ್ಡ ಗಂಟೊಂದನ್ನು ಇಟ್ಟು ಹಗ್ಗ ಬಿಗಿಸಿದ್ದರು.

ಚಿಕ್ಕಬಳ್ಳಾಪುರ ದಾಟಿದ ಮೇಲೆ ರೈಲ್ವೆ ಗೇಟು ಹಾಕಿತ್ತು. ಚೆನ್ನರಾಯಪ್ಪ ಇಂಜಿನ್ ಆರಿಸಲಿಲ್ಲ. ಆ ಗುಡುಗುಡು ಕೇಳುತ್ತ ಕೂರುವುದೇ ಅವನಿಗೊಂದು ಸುಖ. ಚಿಕ್ಕ ರೈಲು ಹೊಗೆಯುಗುಳುತ್ತ ಹೋಯಿತು, ಗೇಟು ತೆರೆಯಿತು, ಬುಲೆಟ್ ಒಂದೇ ನೆಗೆತಕ್ಕೆ ಮುಂದಾಯಿತು.

"ನೋಡಿದ್ಯಾ ಎಳೆತ?" ಎಂದು ಕೂಗಿದ. "ಏರಲ್ಲೂ ಉಸಿರು ಕಟ್ಟಲ್ಲ. ತಗೊಂಡಾಗಿಂದ ಒಂದಿನಾನೂ ಕೈಕೊಟ್ಟಿಲ್ಲ. ಹೆಂಗೈತೆ ಸೀಟು? ಒಂದು ಹಳ್ಳಾನಾದ್ರೂ ಗೊತ್ತಾಯ್ತಾ?"

ಉತ್ತರ ಬರಲಿಲ್ಲ. ಹೊಸ ಹೆಂಡತಿ, ನಾಚಿಕೆ ಎಂದುಕೊಂಡ. ಬೆನ್ನಿಗೆ ಮೆತ್ತಗೆ ಗಂಟು ಒತ್ತುತ್ತಿತ್ತು. ಶಿಡ್ಲಘಟ್ಟದವರೆಗೂ ಮಾತಾಡುತ್ತಲೇ ಹೋದ.

ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಹೋಟೆಲಿನ ಮುಂದೆ ನಿಲ್ಲಿಸಿ, ತಿರುಗಿಯೂ ನೋಡದೆ, "ಇಳಿಯೇ, ಕಾಫಿ ಕುಡಿಯಾಣ" ಎಂದ.

ಬಾಗಿಲಲ್ಲಿ ನಿಂತಿದ್ದ ಪರಿಚಯದ ವ್ಯಾಪಾರಿ ವೆಂಕಟರಾಯಪ್ಪ ನಕ್ಕ. "ಯಾರಿಗಪ್ಪಾ ಇಳಿ ಅಂತಿದ್ದೀಯ? ಗಂಟಿಗಾ?"

ಚೆನ್ನರಾಯಪ್ಪ ಹಿಂದೆ ನೋಡಿದ. ಗಂಟಿತ್ತು. ಅದರಾಚೆ ಸೀಟು ಬರಿದಾಗಿತ್ತು.

ಎಲ್ಲಿ ಬಿದ್ದಳು? ಯಾವ ತಿರುವಿನಲ್ಲಿ? ಕೂಗಿದ್ದಳೋ ಏನೋ, ತಾನು ಅಷ್ಟು ಹೊಗಳಿದ ಇಂಜಿನ್ನಿನ ಸದ್ದಿನಲ್ಲಿ ಏನು ತಾನೇ ಕೇಳೀತು? ವೆಂಕಟರಾಯಪ್ಪನ ನಗು ಅಲ್ಲೇ ನಿಂತಿತು. "ಹೋಗು, ಹೋಗಪ್ಪಾ ಮೊದಲು" ಎನ್ನುತ್ತ ಅವನೇ ಗಾಡಿಯನ್ನು ಹಿಡಿದು ತಿರುಗಿಸಿಕೊಟ್ಟ.

ಬಂದ ದಾರಿಯಲ್ಲೇ ಚೆನ್ನರಾಯಪ್ಪ ಚರಂಡಿ, ಹಿಪ್ಪುನೇರಳೆ ತೋಟದ ಬದು, ಮೋರಿಯ ಅಡಿ, ಎಲ್ಲವನ್ನೂ ನೋಡುತ್ತ ಬಂದ. ಒಂದು ಮೋರಿಯ ಪಕ್ಕ ಕೆಂಪು ಸೀರೆ ಕಂಡಿತು. ರತ್ನಮ್ಮ ಉಟ್ಟಿದ್ದೂ ಕೆಂಪೇ. ಗಾಡಿ ನಿಲ್ಲಿಸಿ, ಇಳಿಯದೆ ಅದನ್ನೇ ನೋಡಿದ. ಆಮೇಲೆ ಗಾಳಿಗೆ ಸೀರೆಯ ತುದಿ ಹಾರಿತು. ಯಾರೋ ಒಗೆದು ಒಣಹಾಕಿದ್ದು. ಅವನು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

ರತ್ನಮ್ಮ ಸಿಕ್ಕಿದ್ದು ರೈಲ್ವೆ ಗೇಟಿನಲ್ಲೇ. ಗೇಟು ಕಾಯುವ ನಲ್ಲಪ್ಪನ ಗುಡಿಸಿಲ ನೆರಳಿನಲ್ಲಿ ಚಾಪೆಯ ಮೇಲೆ ಕೂತಿದ್ದಳು. ನಲ್ಲಪ್ಪನ ಹೆಂಡತಿ ಗಂಗುಲಮ್ಮ, ಸ್ವಂತ ಮಗಳೇನೋ ಎಂಬಂತೆ, ಅವಳ ಪಾದ ತಿಕ್ಕುತ್ತಿದ್ದಳು.

"ಬಿದ್ದೆಯಾ?" ಎಂದ ಅವನು.

"ಬೀಳಲಿಲ್ಲ. ಆ ಸೀಟಲ್ಲಿ ಕೂತು ಕಾಲು ಜೋಮು ಹಿಡೀತು. ಗೇಟು ಹಾಕಿತ್ತಲ್ಲ, ಇಳಿದೆ. 'ರೀ, ಇಳಿದಿದ್ದೀನಿ' ಅಂತ ಹೇಳ್ದೆ ಕೂಡ. ಹೊರಟೇ ಹೋದ್ರಿ." ಅವಳ ಕಣ್ಣು ತುಂಬಿತ್ತು. "ನನ್ನ ಬಿಟ್ಟೇ ಹೋದ್ರಾ ಅಂದ್ಕೊಂಡೆ."

ಚೆನ್ನರಾಯಪ್ಪ ಮಣ್ಣಿನಲ್ಲೇ ಕುಸಿದು ಕೂತ. ನಲ್ಲಪ್ಪ ಅವನ ಕೈಗೆ ನೀರಿನ ಚೊಂಬು ಕೊಟ್ಟ.

"ಏನ್ ಸಾಮಿ, ನಮ್ಮ ರೈಲು ಕೂಡ ಗಾರ್ಡ್ ಹತ್ತಿದ್ನಾ ಅಂತ ನೋಡಿ ಹೊರಡ್ತದೆ!"

"ಸಾಕು ಸುಮ್ನಿರಯ್ಯ, ಮೊದ್ಲೇ ಜೀವ ಹೋಗೈತೆ ಆಯಪ್ಪಂಗೆ" ಎಂದು ಗಂಗುಲಮ್ಮ ಗಂಡನನ್ನು ಗದರಿದಳು.

ಹೊರಡುವಾಗ ರತ್ನಮ್ಮ ತಾನೇ ಹಗ್ಗ ಬಿಚ್ಚಿ ಗಂಟನ್ನು ಹಿಂದಕ್ಕೆ ಕಟ್ಟಿದಳು. ಮುಂದೆ ಸರಿದು ಕೂತು, ಗೇಟಿನಲ್ಲಿ ನಿಂತವರೆಲ್ಲ ನೋಡುತ್ತಿರುವಂತೆಯೇ ಗಂಡನ ಭುಜ ಹಿಡಿದಳು. "ಅತ್ತೆಗೆ ಏನು ಹೇಳ್ತೀರೋ ನೀವೇ ಹೇಳಿ."

ಅವನು ಎತ್ತಿನ ಗಾಡಿಗಿಂತ ತುಸು ಜೋರಾಗಿ ಅಷ್ಟೇ ಓಡಿಸಿದ. ಚಿಂತಾಮಣಿ ಸೇರುವವರೆಗೆ ಬುಲೆಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಕೈ ಭುಜದ ಮೇಲೇ ಇದ್ದರೂ, "ಇದ್ದೀಯೇನೇ?" ಎಂದು ಮಾತ್ರ ಆಗಾಗ ಕೇಳುತ್ತಿದ್ದ.