ಒಂದೇ ರಿಂಗ್

"ಫೋನ್ ಇದರಲ್ಲಿ ಹಾಕಿ, ಆಮೇಲೆ ಒಳಗೆ ಹೋಗಿ," ಎಂದು ಸರ್ವೋತ್ತಮ ಬಂದವರನ್ನು ಮೆಟ್ಟಿಲಲ್ಲೇ ತಡೆದು ಕುಡುಪು ಮುಂದೆ ಹಿಡಿಯುತ್ತಿದ್ದ. ಒಂದು ಕಾಲದಲ್ಲಿ ಅನ್ನ ಬಸಿಯುತ್ತಿದ್ದ ಬಿದಿರಿನ ಬುಟ್ಟಿ ಅದು. ಈಗ ಅರ್ಧ ತುಂಬಿತ್ತು.

ಹೂ ತಂದವರು, ಶಾಲು ತಂದವರು, ಸುದ್ದಿ ಕೇಳಿ ಎಲ್ಲೂರು ದೇವಸ್ಥಾನದ ಕಡೆಯಿಂದ ಹಾಗೆಯೇ ಬಂದವರು, ಎಲ್ಲರೂ ಒಂದು ಗಳಿಗೆ ನಿಂತು ಕಿಸೆ ತಡಕಾಡಿದರು. ಗೊತ್ತಿದ್ದವರು ಹೇಳಿಸಿಕೊಳ್ಳದೆ ಹಾಕಿದರು. ಗೊತ್ತಿಲ್ಲದ ಒಬ್ಬರು, "ಸಾವಿನ ಮನೆಯಲ್ಲೂ ಉಂಟಾ ಇದು?" ಎಂದರು.

"ಭಾವ ಇರುವಾಗ ಇತ್ತಲ್ಲ. ಭಾವ ಇನ್ನೂ ಮನೆಯಲ್ಲೇ ಇದ್ದಾರೆ," ಎಂದ ಸರ್ವೋತ್ತಮ.

ಅವನ ಭಾವ ದೇವದಾಸ ಮನೆಯೊಳಗಿನ ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿದ್ದರು. ತಲೆಯ ಹತ್ತಿರ ಒಡೆದ ತೆಂಗಿನಕಾಯಿ ಕಡಿಯಲ್ಲಿ ದೀಪ ಉರಿಯುತ್ತಿತ್ತು. ನಿನ್ನೆ ಪೇಟೆಯಿಂದ ಬಂದು, ಕುಡಿಯಲು ನೀರು ಕೇಳಿ, ಹೆಂಡತಿ ಕುಶಲಕ್ಕ ನೀರು ತರುವಷ್ಟರಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟವರು.

ಮಣಿಪಾಲದ ಒಂದು ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಅವರದ್ದು. ಮೊಬೈಲಿನ ವಿಕಿರಣದಿಂದ ದೇಹಕ್ಕೆ ಏನಾದರೂ ಆಗುತ್ತದೆಯೇ ಎಂಬ ಸಂಶೋಧನೆ ಅಲ್ಲಿ ಕೆಲವು ವರ್ಷ ನಡೆದಿತ್ತು. ಸಂಶೋಧನೆ ಮುಗಿಯಿತು, ದೇವದಾಸರ ನಿವೃತ್ತಿಯೂ ಆಯಿತು. ಅವರ ತಲೆಯಲ್ಲಿ ಮಾತ್ರ ಅದು ಮುಗಿಯಲಿಲ್ಲ. ಯಾರ ಫೋನೂ ಹೊಸ್ತಿಲು ದಾಟಬಾರದು, ಜಗಲಿಯ ಮೊಳೆಗೆ ನೇತುಹಾಕಿದ ಕುಡುಪಿನಲ್ಲೇ ಇರಬೇಕು. ಕರೆ ಬಂದರೆ ಸ್ಪೀಕರ್ ಹಾಕಿ, ಒಂದು ಮಾರು ದೂರ ನಿಂತು ಮಾತಾಡಬೇಕು. ಹಾಗಾಗಿ ಆ ಮನೆಯ ಗುಟ್ಟೆಲ್ಲ ನೆರೆಕರೆಗೆ ಬಾಯಿಪಾಠ ಆಗಿತ್ತು.

ಇಂಥವರ ಮಗ ಹರ್ಷಿತ್ ಕಾಪುವಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಅಂಗಡಿ ಶುರುವಾದ ದಿನ ದೇವದಾಸ ಒಳಗೆ ಕಾಲಿಡಲಿಲ್ಲ. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೊದಲ ಗಿರಾಕಿಯನ್ನು ಹತ್ತಿರ ಕರೆದು, "ಕಿವಿಗೆ ಒತ್ತಿ ಹಿಡೀಬೇಡಿ ಆಯ್ತಾ," ಎಂದು ಬುದ್ಧಿ ಹೇಳಿದರು. ಗಿರಾಕಿ ಫೋನ್ ಬಿಟ್ಟು ಒಂದು ಕವರ್ ಮಾತ್ರ ತೆಗೆದುಕೊಂಡು ಹೋದ.

ಈಗ ಅದೇ ಹರ್ಷಿತ್ ಕಣ್ಣು ಒರೆಸಿಕೊಳ್ಳುತ್ತಾ ಜಗಲಿಗೆ ಬಂದು ಕುಡುಪಿಗೆ ಕೈ ಹಾಕಿದ.

"ವಿಜೇತಕ್ಕ ಕಾಲ್ ಮಾಡ್ತಾ ಇದ್ದಾಳೆ ಮಾವ. ವಿಡಿಯೋದಲ್ಲಿ ಅಪ್ಪನ ಮುಖ ತೋರಿಸು ಅಂತಾಳೆ."

ವಿಜೇತಾ ಹಿರಿಯ ಮಗಳು, ಗಂಡನ ಜೊತೆ ಅಬುಧಾಬಿಯಲ್ಲಿದ್ದಳು. ತುಂಬಿದ ಬಸುರಿ. ವಿಮಾನ ಹತ್ತುವುದು ಬೇಡವೇ ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಸುದ್ದಿ ಕೇಳಿದಾಗಿನಿಂದ ಅವಳದ್ದು ಒಂದೇ ಬೇಡಿಕೆ, ಶವ ತೆಗೆಯುವ ಮೊದಲು ಒಮ್ಮೆ ಮುಖ ನೋಡಬೇಕು.

"ಇಲ್ಲಿಂದಲೇ ತೋರಿಸು," ಎಂದ ಸರ್ವೋತ್ತಮ.

"ಇಲ್ಲಿಂದ ಅಪ್ಪನ ಕಾಲು ಮಾತ್ರ ಕಾಣ್ತದೆ. ದೀಪದ ಹತ್ತಿರ ಹಿಡೀಬೇಕು."

"ಇಷ್ಟು ವರ್ಷ ಅವರು ಒಳಗೆ ಬಿಡದೆ ಇದ್ದದ್ದನ್ನು, ಅವರಿಗೆ ಬೇಡ ಅನ್ಲಿಕ್ಕೆ ಬಾಯಿ ಇಲ್ಲದ ದಿನ ಒಳಗೆ ತರುವುದಾ? ಅದು ಮರ್ಯಾದೆಯಾ ಹರ್ಷಿತ್?"

"ಮಗಳಿಗೆ ಮುಖ ತೋರಿಸದೆ ಸುಡುವುದು ಮರ್ಯಾದೆಯಾ?"

ಹಿತ್ತಿಲಲ್ಲಿ ಚಿತೆಗೆ ಮಾವಿನ ಮರ ಕಡಿಯುವ ಸದ್ದು ಆಗಲೇ ನಿಂತಿತ್ತು. ಅಂದರೆ ಹೆಚ್ಚು ಹೊತ್ತಿಲ್ಲ. ಇಬ್ಬರೂ ಬಾಗಿಲಿನಿಂದ ಒಳಗೆ ನೋಡಿದರು. ಕುಶಲಕ್ಕ ಗಂಡನ ತಲೆಯ ಬಳಿ ಕೂತಿದ್ದರು. ಎಲ್ಲವೂ ಕೇಳಿಸಿದ್ದರೂ ದೀಪದ ಬತ್ತಿಯನ್ನಷ್ಟೇ ಮುಂದಕ್ಕೆ ತಳ್ಳಿದರು.

* * *

ತಾನು ಬಸುರಿ ಎಂದು ವಿಜೇತಾ ಫೋನಿನಲ್ಲಿ ಹೇಳಿದ ದಿನ ದೇವದಾಸ ಜಗಲಿಯಲ್ಲಿ ನಿಂತು ಕುಡುಪಿನ ಕಡೆ ನೋಡಿ ಒಬ್ಬರೇ ನಕ್ಕಿದ್ದರು. ಅಷ್ಟು ದೊಡ್ಡದಾಗಿ ಅವರು ನಕ್ಕದ್ದನ್ನು ಕುಶಲಕ್ಕ ಮದುವೆಯಾದ ಹೊಸತರಲ್ಲಿ ನೋಡಿದ್ದಿರಬೇಕು. ಆಮೇಲೆ ನಗು ನಿಂತಿತು.

"ಫೋನ್ ಎಲ್ಲಿ ಹಿಡ್ಕೊಂಡಿದ್ದಿ ಮಗಾ?"

"ಕೈಯಲ್ಲಿ ಅಪ್ಪ. ಮತ್ತೆಲ್ಲಿ?"

"ಹೊಟ್ಟೆಯ ಹತ್ತಿರ ತರಬೇಡ. ಮಗು ಆಗುವವರೆಗೆ ನಾವು ಮಾತಾಡುವುದೇ ಬೇಡ. ದಿನಾ ಸಂಜೆ ಒಂದೇ ರಿಂಗ್ ಕೊಡ್ತೇನೆ. ತೆಗೀಬೇಡ. ಅಪ್ಪ ಸೌಖ್ಯ ಇದ್ದಾನೆ ಅಂತ ತಿಳ್ಕೋ, ಸಾಕು."

"ಎಂತ ಅಪ್ಪ ನೀವು? ಇಲ್ಲಿ ನನಗೆ ಮಾತಾಡ್ಲಿಕ್ಕೆ ಯಾರಿದ್ದಾರೆ?"

ಅಷ್ಟರಲ್ಲಿ ಅವರು ಹೋಗಿ ಕೆಂಪು ಗುಂಡಿ ಒತ್ತಿಯಾಗಿತ್ತು.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಒಂದು ರಿಂಗ್. ಮಗಳು ಬೇಕೆಂದೇ ತೆಗೆದರೆ ಇವರು ಕಟ್ ಮಾಡುತ್ತಿದ್ದರು. ಕುಶಲಕ್ಕ ಹರ್ಷಿತನ ಅಂಗಡಿಯಿಂದ ಮಾತಾಡುವಾಗ ವಿಜೇತಾ ತಾಯಿಯ ಹತ್ತಿರ ಅತ್ತಿದ್ದಳು. "ಅಪ್ಪನಿಗೆ ನನಗಿಂತ ಆ ಇಲಿಗಳದ್ದೇ ಹೆಚ್ಚು ಅಮ್ಮ. ನನ್ನ ಹತ್ತಿರ ಎರಡು ಮಾತಾಡ್ಲಿಕ್ಕೆ ಅವರಿಗೆ ಮನಸ್ಸಿಲ್ಲ."

ಕುಶಲಕ್ಕ ಆ ಮಾತನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಊಟ ಬಿಡುತ್ತಿದ್ದರು, ಹಟ ಮಾತ್ರ ಬಿಡುತ್ತಿರಲಿಲ್ಲ. ಮಗು ಆದ ಮೇಲೆ ಅಪ್ಪ ಮಗಳು ಕೂತು ಮಾತಾಡಿ ಸರಿಮಾಡಿಕೊಳ್ಳಲಿ ಎಂದು ಸುಮ್ಮನಿದ್ದರು.

* * *

ಮೇಬಲ್ ಮೇಡಂ ಕಾರ್ಕಳದಿಂದ ಬಂದಿಳಿದದ್ದು ಮಾವ ಅಳಿಯ ಜಗಲಿಯಲ್ಲಿ ವಾದಿಸುತ್ತಿರುವಾಗಲೇ. ಇಲಿಗಳ ಆ ಸಂಶೋಧನೆ ನಡೆಸಿದವರು ಅವರೇ. ಈಗ ಅವರೂ ನಿವೃತ್ತರು, ಕೋಲು ಹಿಡಿದು ನಡೆಯುತ್ತಿದ್ದರು. ಸರ್ವೋತ್ತಮ ಕುಡುಪು ಚಾಚಿದ್ದನ್ನು ಕಂಡು ಅವರಿಗೆ ಮೊದಲು ನಗು ಬಂತು. ಆಮೇಲೆ ಫೋನ್ ಹಾಕಿ, ಬುಟ್ಟಿಯ ಅಂಚನ್ನು ಒಮ್ಮೆ ಸವರಿದರು.

"ಮೇಡಂ, ಆ ಮೊಬೈಲ್ ಟವರ್ ಬಂದದ್ದೇ ಬಂದದ್ದು, ಇವರಿಗೆ ಹಾರ್ಟ್ ಆಯ್ತು ಅಲ್ವಾ?" ಎಂದರು ನೆರೆಮನೆಯ ಧನರಾಜ್, ರಸ್ತೆಯಾಚೆ ಬೆರಳು ತೋರಿಸಿ.

"ಹಾಗೆಲ್ಲ ಹೇಳ್ಲಿಕ್ಕೆ ಆಗುವುದಿಲ್ಲ," ಎಂದು ಮೇಡಂ ಒಳಗೆ ಹೋಗಿ ಕುಶಲಕ್ಕನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು.

ಕುಶಲಕ್ಕ ಕೇಳಿದರು. "ಮೇಡಂ, ಆ ಇಲಿಗಳದ್ದು ಈಗಲಾದರೂ ಗೊತ್ತಾಯ್ತಾ?"

"ಇಲಿಗಳಲ್ಲಿ ಕೆಲವು ವ್ಯತ್ಯಾಸ ಕಂಡೆವು ಕುಶಲಾ. ಮನುಷ್ಯರಿಗೂ ಹಾಗೆಯೇ ಆಗ್ತದೆ ಅನ್ಲಿಕ್ಕೆ ಅದು ಸಾಲದು. ಸರಿಯಾಗಿ ಕೇಳಿದರೆ ನನಗೆ ಈಗಲೂ ಗೊತ್ತಿಲ್ಲ."

"ಇವರು ಅದಕ್ಕಾಗಿ ಮಗಳ ಹತ್ತಿರ ಮಾತು ಬಿಟ್ಟರು. ಅಪ್ಪನಿಗೆ ಇಲಿಗಳದ್ದೇ ಹೆಚ್ಚು ಅಂತ ಅವಳು ನೊಂದುಕೊಂಡಿದ್ದಾಳೆ."

ಮೇಡಂ ದೇವದಾಸರ ಮುಖವನ್ನೇ ನೋಡಿದರು. "ಬೈರಾಸಿನ ಕತೆ ನಿಮಗೆ ಹೇಳಲಿಲ್ಲವಾ ಅವರು?"

"ಯಾವ ಬೈರಾಸು? ಹೆಗಲಿಗೆ ಹಾಕುವ ಟವೆಲಾ?" ಎಂದರು ಕುಶಲಕ್ಕ. ಮೇಡಂ ತಗ್ಗಿದ ದನಿಯಲ್ಲಿ ಹೇಳತೊಡಗಿದರು.

* * *

ಪಂಜರದೊಳಗೆ ಒಂದು ಫೋನ್ ಇಡುವುದು, ರಿಂಗಿನ ಸದ್ದು ತೆಗೆದು ಬರೀ ನಡುಗುವ ಹಾಗೆ. ದೇವದಾಸ ಪಕ್ಕದ ಕೋಣೆಯಲ್ಲಿ ಕೂತು ಆ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಾ ಇರಬೇಕು. ಇನ್ನೊಂದು ಪಂಜರದಲ್ಲಿ ಬ್ಯಾಟರಿ ತೆಗೆದ ಫೋನ್, ಹೋಲಿಸಿ ನೋಡಲಿಕ್ಕೆ. ಅಷ್ಟೇ ಕೆಲಸ. "ಮಂತ್ರಿಗಳಿಗೂ ಇಷ್ಟು ಫೋನ್ ಬರ್ಲಿಕ್ಕಿಲ್ಲ ಮೇಡಂ," ಎಂದು ದೇವದಾಸ ತಮಾಷೆ ಮಾಡುತ್ತಿದ್ದರು.

ಬಸುರಿ ಇಲಿಗಳ ಸರದಿ ಬಂದ ಮೇಲೆ ತಮಾಷೆ ಕಡಿಮೆಯಾಯಿತು. ಒಂದು ದಿನ ಮೇಡಂ ಹೇಳದೆ ಒಳಗೆ ಬಂದರೆ, ಪಂಜರದ ಫೋನ್ ಕಾಣುವುದಿಲ್ಲ. ದೇವದಾಸರ ಹೆಗಲ ಬೈರಾಸಿನಲ್ಲಿ ಸುತ್ತಿಕೊಂಡು ಹೊರಗೆ ಕಿಟಕಿಯ ದಂಡೆಯಲ್ಲಿ ನಡುಗುತ್ತಾ ಉಂಟು. ಅವರು ಈಚೆ ಕೂತು ಶ್ರದ್ಧೆಯಿಂದ ಅದಕ್ಕೆ ರಿಂಗ್ ಕೊಡುತ್ತಿದ್ದಾರೆ.

"ಎಂತ ದೇವದಾಸ ಇದು? ಇಡೀ ಬ್ಯಾಚ್ ಹಾಳಾಯ್ತಲ್ಲ."

"ಅದು ಬಸುರಿ ಮೇಡಂ. ಫೋನ್ ನಡುಗುವಾಗ ಅದೂ ನಡುಗ್ತದೆ."

"ಬಸುರಿ ಅಂತಲೇ ಅಲ್ವಾ ಇಟ್ಟದ್ದು?"

"ಮರಿಗಳಿಗೆ ಎಂತ ಆಗ್ತದೆ?"

"ಗೊತ್ತಿಲ್ಲ. ಗೊತ್ತಿದ್ದರೆ ಯಾಕೆ ನೋಡುವುದು?"

ಮೇಡಂ ಚೆನ್ನಾಗಿ ಬೈದರು. ತಿಂಗಳುಗಳ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ದೇವದಾಸ ಆಮೇಲೆ ಅಂಥ ತಪ್ಪು ಮಾಡಲಿಲ್ಲ. ಆದರೆ ಆ ಸಂಜೆ ಬುತ್ತಿಚೀಲದ ಜೊತೆ ಮೇಡಂ ಹೇಳಿದ "ಗೊತ್ತಿಲ್ಲ"ವನ್ನೂ ಮನೆಗೆ ತಂದರು. ಮರುದಿನ ಜಗಲಿಗೆ ಮೊಳೆ ಬಿತ್ತು.

* * *

"ಗೊತ್ತಾಗುವವರೆಗೆ ಫೋನ್ ಹೊರಗೆ ಇರಲಿ ಮೇಡಂ ಅಂತಿದ್ದರು," ಎಂದು ಮೇಡಂ ಕಣ್ಣೊರೆಸಿಕೊಂಡರು. "ಅವತ್ತು ಬೈದದ್ದು ನನ್ನ ಕೆಲಸ. ಆದರೆ ಅಷ್ಟು ಮೆತ್ತಗಿನ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ ಕುಶಲಾ."

ಹೊರಗಿನಿಂದ ಧನರಾಜ್ ಕರೆದರು. "ಬಾಯಿಗೆ ನೀರು ಬಿಡುವವರು ಬನ್ನಿ. ತೆಗೆಯುವ ಹೊತ್ತಾಯ್ತು."

ಕುಶಲಕ್ಕ ಎದ್ದು ನಿಂತರು. "ಹರ್ಷಿತ್, ಅಕ್ಕನಿಗೆ ಕಾಲ್ ಮಾಡಿ ಫೋನ್ ತಾ."

"ಅಕ್ಕ, ಭಾವ ಇದ್ದಿದ್ದರೆ..." ಎಂದು ಸರ್ವೋತ್ತಮ ಹೊಸ್ತಿಲಲ್ಲಿ ಅಡ್ಡ ನಿಂತ.

"ಇವರಿಗೆ ಇನ್ನು ಎಂತ ಆಗ್ಲಿಕ್ಕುಂಟು ಸರ್ವೋತ್ತಮ?"

ಅವನು ಕುಡುಪು ಎದೆಗೆ ಒತ್ತಿಕೊಂಡು ಬದಿಗೆ ಸರಿದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನೆಯ ಹೊಸ್ತಿಲನ್ನು ಒಂದು ಫೋನ್ ದಾಟಿತು. ಕುಶಲಕ್ಕ ಅದನ್ನು ತೆಗೆದುಕೊಂಡು ಮೊದಲು ತನ್ನ ಕಡೆಗೆ ತಿರುಗಿಸಿಕೊಂಡರು. ಅತ್ತು ಅತ್ತು ಊದಿದ ಮಗಳ ಮುಖ ಪರದೆ ತುಂಬ ಇತ್ತು.

"ತೋರಿಸ್ತೇನೆ ಮಗಾ. ಮೊದಲು ಇದೊಂದು ಕೇಳು. ಅಪ್ಪ ಮಾತಾಡದೆ ಇದ್ದದ್ದು ನೀನು ಬೇಡ ಅಂತ ಅಲ್ಲ. ಬಸುರಿ ಇಲಿ ನಡುಗ್ತದೆ ಅಂತ ಅಪ್ಪ ಒಮ್ಮೆ ಪಂಜರದ ಫೋನನ್ನು ಬೈರಾಸಿನಲ್ಲಿ ಸುತ್ತಿ ಹೊರಗೆ ಇಟ್ಟು ಬೈಸಿಕೊಂಡರಂತೆ. ಇಲಿಗೇ ಅಷ್ಟು ಹೆದರಿದವರು, ನಿನ್ನ ಹೊಟ್ಟೆಗೆ ಎಷ್ಟು ಹೆದರಿರಬೇಕು ಹೇಳು."

ಕುಶಲಕ್ಕ ಫೋನನ್ನು ದೀಪದ ಬಳಿ, ಗಂಡನ ಮುಖಕ್ಕೆ ಎದುರಾಗಿ ಹಿಡಿದರು. ಹರ್ಷಿತ್ ಬಗ್ಗಿ ನೋಡಿದ. ಪರದೆಯಲ್ಲಿ ವಿಜೇತಾಳ ಮುಖ ಸಣ್ಣದಾಗುತ್ತಾ ಹೋಯಿತು. ಫೋನನ್ನು ಮೇಜಿನ ಮೇಲೆ ಒರಗಿಸಿ ಅವಳು ಹಿಂದೆ ಹಿಂದೆ ನಡೆಯುತ್ತಿದ್ದಳು. ಗೋಡೆ ತಾಗಿದ ಮೇಲೆ ನಿಂತಳು. ಈಗ ಅವಳು ಪೂರ್ತಿ ಕಾಣುತ್ತಿದ್ದಳು, ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು.

"ಇಷ್ಟು ದೂರ ಸಾಕಾ ಅಪ್ಪ?" ಎಂದು ಅಲ್ಲಿಂದ ಕೂಗಿ ಕೇಳಿದಳು.

ಚಾವಡಿಯಲ್ಲಿದ್ದವರೆಲ್ಲ ಅತ್ತರು. ಸರ್ವೋತ್ತಮನೂ ಅತ್ತ. ಕುಶಲಕ್ಕ ತುಳಸಿ ಎಲೆಯಲ್ಲಿ ಒಮ್ಮೆ ತನ್ನ ನೀರು ಬಿಟ್ಟು, ಮತ್ತೆ ಎಲೆ ಅದ್ದಿ, "ಇದು ವಿಜೇತಾಳದ್ದು," ಎಂದು ಇನ್ನೊಮ್ಮೆ ಬಿಟ್ಟರು.

ಎಲ್ಲ ಮುಗಿದು, ಬಂದವರು ತಮ್ಮ ತಮ್ಮ ಫೋನ್ ಹೆಕ್ಕಿಕೊಂಡು ಹೋಗುವಾಗ ಕತ್ತಲೆ ಕವಿಯುತ್ತಿತ್ತು. ಸರ್ವೋತ್ತಮ ಕುಡುಪನ್ನು ಮತ್ತೆ ಮೊಳೆಗೆ ಹಾಕಿದ. ಅದರಲ್ಲಿ ಉಳಿದದ್ದು ದೇವದಾಸರ ಹಳೆಯ ಗುಂಡಿಯ ಫೋನ್ ಒಂದೇ. ಒಳಗೆ, ಅವರು ಮಲಗಿದ್ದ ಜಾಗದಲ್ಲಿ ಕುಶಲಕ್ಕ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದರು.

ಆಗ ಫೋನ್ ನಡುಗಿತು. ಜಗಲಿಯಲ್ಲಿದ್ದ ಹರ್ಷಿತ್ ಎದ್ದು ನೋಡಿ, "ವಿಜೇತಕ್ಕ," ಎಂದು ಕೈ ಚಾಚಿದ.

"ತೆಗೀಬೇಡ," ಎಂದರು ಕುಶಲಕ್ಕ ಒಳಗಿನಿಂದ.

ಒಂದೇ ಸಲ ನಡುಗಿ ಅದು ನಿಂತಿತು. ಕುಡುಪು ಮಾತ್ರ ಇನ್ನೂ ಸ್ವಲ್ಪ ಹೊತ್ತು ಗೋಡೆಗೆ ತಾಗುತ್ತಾ ತೂಗುತ್ತಿತ್ತು.