ಅದ್ದಾಕನ ಟೀಮು

ಬಸ್ಸಿನ ಹಿಂದಿನ ಸೀಟಿನಿಂದ ಬ್ಯಾಟುಗಳ ಉದ್ದನೆಯ ಚೀಲವನ್ನು ರಫೀಕ್ ಎಳೆದು ಮರಳಿನ ಮೇಲೆ ಕೆಡವಿದ. ಅದರ ಹಿಂದೆಯೇ ಹೆಲ್ಮೆಟ್ಟುಗಳ ಬುಟ್ಟಿಯನ್ನೂ ಇಳಿಸಿದ.

"ಅದನ್ನೆಲ್ಲ ಯಾಕೆ ಇಳಿಸ್ತೀ ಮಾರಾಯ?" ಎಂದು ಪ್ಲಾಸಿಡ್ ಆಫೀಸಿನ ಕಡೆಯಿಂದ ಫೈಲು ಹಿಡಿದುಕೊಂಡು ಓಡೋಡಿ ಬಂದ.

"ಇದು ಇವತ್ತು ಮಯ್ಯತ್ತಿಗೆ, ಮಣ್ಣು ಮಾಡಲಿಕ್ಕೆ ಹೋಗುವ ಬಸ್ಸು, ಪ್ಲಾಸಿಡಣ್ಣ. ಆಟಕ್ಕೆ ಹೋಗುವುದಲ್ಲ."

ಸೌದಿಯ ಜುಬೈಲಿನ ಆ ಕ್ಯಾಂಪಿನಲ್ಲಿ ಹದಿನಾಲ್ಕು ವರ್ಷ ಅದೇ ಬಸ್ಸನ್ನು ಓಡಿಸಿದವನು ಉಳ್ಳಾಲದ ಅದ್ದು. ಎಲ್ಲರ ಬಾಯಲ್ಲೂ ಅದ್ದಾಕ. ಒಂಬತ್ತು ದಿನದ ಹಿಂದೆ, ಬುಧವಾರ ಬೆಳಿಗ್ಗೆ, ನಲವತ್ತು ಜನರನ್ನು ಫ್ಯಾಕ್ಟರಿಯ ಗೇಟಿನಲ್ಲಿ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದ. ನಿದ್ದೆ ಬಂದಿರಬೇಕೆಂದು ಇಳಿದವರೆಲ್ಲ ಮೆಲ್ಲನೆ ಹೆಜ್ಜೆಯಿಟ್ಟು ಹೋಗಿದ್ದರು. ಅಲ್ಲೇ ಮಣ್ಣು ಮಾಡಲು ಊರಿನಿಂದ ಒಪ್ಪಿಗೆಯ ಕಾಗದ, ಎಂಬೆಸಿಯ ಪತ್ರ, ಕೆಲಸಕ್ಕೆ ಕರೆಸಿದ ಕಫೀಲನ ಮೊಹರು ಎಲ್ಲ ಸೇರುವ ಹೊತ್ತಿಗೆ ನಿನ್ನೆ ಮಧ್ಯಾಹ್ನವಾಗಿತ್ತು. ಇವತ್ತು ಜುಮಾ ನಮಾಜಿನ ನಂತರ ದಫನ.

ರಫೀಕ್ ಅದ್ದುವಿನ ಹೆಂಡತಿಯ ತಮ್ಮ. ಅದೇ ಕಂಪೆನಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಬಾವನ ಬಸ್ಸಿನ ಕೀಲಿ ಈಗ ಅವನ ಜೇಬಿನಲ್ಲಿತ್ತು.

"ಕಂಪೆನಿ ಕೊಟ್ಟದ್ದು ಒಂದೇ ಬಸ್ಸು. ಎರಡು ಗಂಟೆಗೆ ನಮ್ಮ ಕೊನೆಯ ಮ್ಯಾಚು," ಎಂದ ಪ್ಲಾಸಿಡ್. ಶಿರ್ವದ ಪ್ಲಾಸಿಡ್ ಆಫೀಸಿನಲ್ಲಿ ಹಾಜರಿ ಬರೆಯುವವನು. ಕ್ಯಾಂಪಿನ ಬೇಸ್‌ಬಾಲ್ ಟೀಮಿನ ಸ್ಕೋರೂ ಅವನದ್ದೇ.

"ಹಾಗಾದರೆ ಆಡುವುದು ಬೇಡ. ಮನುಷ್ಯ ಸತ್ತ ಮೇಲೂ ಆಟವಾ?"

"ಟೀಮಿನವರು ಆಟಕ್ಕೆ ಬಸ್ಸು ಕೇಳಿದ್ದಲ್ಲ ರಫೀಕ್. ದಫನಕ್ಕೆ ಬರ್ತೇವೆ ಅಂತಿದ್ದಾರೆ. ಹನ್ನೆರಡು ಜನವೂ."

ರಫೀಕ್ ತಿರುಗಿ ನೋಡಿದ. ಮೆಸ್ಸಿನ ನೆರಳಲ್ಲಿ ಜಪಾನಿ ಇಂಜಿನಿಯರುಗಳೂ ಫಿಲಿಪಿನೋ ವೆಲ್ಡರುಗಳೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಕ್ಯಾಪ್ಟನ್ ಮೊರಿತಾ ಆ ಬಿಸಿಲಿನಲ್ಲೂ ಕಪ್ಪು ಕೋಟು ಹಾಕಿದ್ದ.

"ತಡವಾದರೆ?"

"ಹದಿನೈದು ನಿಮಿಷ ಕಾಯ್ತಾರೆ. ಮತ್ತೆ ಎದುರಿನವರು ಗೆದ್ದ ಹಾಗೆ. ಹೋದರೆ ಹೋಗಲಿ ಅಂದ ಮೊರಿತಾ."

ರಫೀಕ್ ಡ್ರೈವರ್ ಸೀಟಿಗೆ ಹತ್ತಿದ. ಚೀಲವನ್ನೂ ಬುಟ್ಟಿಯನ್ನೂ ಪ್ಲಾಸಿಡ್ ಒಬ್ಬನೇ ಮತ್ತೆ ಒಳಗಿಟ್ಟ.

*

ಕುವೈತಿನ ಯುದ್ಧ ಮುಗಿದ ವರ್ಷ ಕ್ಯಾಂಪುಗಳ ನಡುವೆ ಶುಕ್ರವಾರದ ಪಂದ್ಯಗಳು ಶುರುವಾದವು. ಟೀಮನ್ನು ಮೈದಾನಕ್ಕೆ ಒಯ್ಯುವುದು ಅದ್ದುವಿನ ಡ್ಯೂಟಿ. ಮೊದಲ ಎರಡು ವಾರ ಅವನು ಬಸ್ಸಿನಲ್ಲೇ ಮಲಗಿದ. ಮೂರನೆಯ ವಾರ ಕಿಟಕಿಯಿಂದ ನೋಡಿದ. ಐದನೆಯ ವಾರ ಪ್ಲಾಸಿಡನ ಪಕ್ಕದಲ್ಲಿ ಬಂದು ಕೂತ.

"ಚೆಂಡು ಹೊಡೆದವ ಬ್ಯಾಟು ಬಿಸಾಡಿ ಓಡ್ತಾನಲ್ಲ, ಎಂತಕ್ಕೆ? ಕ್ರಿಕೆಟಿನವರು ಹಿಡಿದುಕೊಂಡೇ ಓಡುವುದಪ್ಪ."

ಅಲ್ಲಿಂದ ಐದು ವರ್ಷ ಒಂದು ಪಂದ್ಯವನ್ನೂ ಅವನು ತಪ್ಪಿಸಲಿಲ್ಲ. ರೂಮಿನಲ್ಲಿ ಶುಕ್ರವಾರದ ಬಿರಿಯಾನಿ ಅವನಿಲ್ಲದೆ ಮುಗಿಯುತ್ತಿತ್ತು. "ಐವತ್ತು ದಾಟಿದ ಮೇಲೆ ಬಾವನಿಗೆ ಹುಚ್ಚು ಹಿಡಿದಿದೆ," ಎಂದು ರಫೀಕ್ ರೂಮಿನವರ ಮುಂದೆ ನಗಾಡುತ್ತಿದ್ದ. ಒಂದು ದಿನವೂ ಮೈದಾನಕ್ಕೆ ಹೋಗಿ ನೋಡಿರಲಿಲ್ಲ.

ಹೋಗಿದ್ದರೆ ಬೇರೆಯೇ ಅದ್ದು ಕಾಣುತ್ತಿದ್ದ. ಚೆಂಡೆಸೆಯುವ ರೋಮಿಗೆ ಸುಸ್ತಾದರೆ ಅವನ ಎಡಮೊಣಕೈ ಎರಡು ಬೆರಳಿನಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಮೊದಲು ಕಂಡದ್ದು ಅದ್ದು. ಬಸ್ಸಿನ ಕನ್ನಡಿಯಲ್ಲಿ ಜನರನ್ನು ನೋಡಿ ನೋಡಿ ಪಳಗಿದ ಕಣ್ಣು. ಅದನ್ನು ಹೇಳಿದಾಗ ಮೊರಿತಾ ಮೊದಲು ನಕ್ಕಿದ್ದ. ಅದೇ ಪಂದ್ಯ ಸೋತ ಮೇಲೆ ನಗುವುದನ್ನು ನಿಲ್ಲಿಸಿ, ಪ್ರತಿ ಪಂದ್ಯದ ನಡುವೆ ಒಮ್ಮೆಯಾದರೂ ಅದ್ದು ಕೂತ ಕಡೆ ನೋಡುವುದನ್ನು ರೂಢಿ ಮಾಡಿಕೊಂಡ. ಅದ್ದು ಹೂಂ ಎಂದು ತಲೆಯಾಡಿಸಿದರೆ ರೋಮಿ ಮುಂದುವರಿಯುತ್ತಿದ್ದ.

ಈ ವರ್ಷ ಟೀಮು ಡಿಸೆಂಬರಿನವರೆಗೆ ಮೇಲಿತ್ತು. ಆಮೇಲೆ ಸಾಲಾಗಿ ನಾಲ್ಕು ಸೋಲು. ಒಂದರಲ್ಲಂತೂ ಹನ್ನೊಂದಕ್ಕೆ ಎರಡು. ಮರಳುವಾಗ ಬಸ್ಸಿನಲ್ಲಿ ಯಾರೂ ಮಾತಾಡಿರಲಿಲ್ಲ. ಅದ್ದು ಮಾತ್ರ ಕನ್ನಡಿ ನೋಡುತ್ತ ತನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ ಕೂಗಿದ್ದ: "ಯಲ್ಲಾ! ವೈ ಸ್ಯಾಡ್? ಸೆಮಿಫೈನಲ್, ವಿ ಗೋ!"

*

ನಮಾಜಿಗೆ ಮಸೀದಿ ತುಂಬಿತ್ತು. ಖಬರಸ್ತಾನ ಊರಿನ ಹೊರಗಿನ ಬಯಲು. ಮೋಟು ಗೋಡೆ, ತುಕ್ಕು ಹಿಡಿದ ಗೇಟು. ರಫೀಕನೂ ಕ್ಯಾಂಪಿನ ಇಪ್ಪತ್ತಾರು ಮಂದಿಯೂ ಒಳಗೆ ಹೋದರು. ಮೆಸ್ಸಿನ ಹಿರಿಯ ಅಡುಗೆಯವರು ಮೊಹಿದ್ದೀನ್ ಖಬರಿನ ಗುಂಡಿಗಿಳಿದು ರಫೀಕನ ಜೊತೆ ದೇಹವನ್ನು ಹಿಡಿದುಕೊಂಡರು. ಬಾವ ಇಷ್ಟು ಹಗುರ ಎಂದು ರಫೀಕ್ ಎಣಿಸಿರಲಿಲ್ಲ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ದುಆ ಮುಗಿಯಿತು.

ಅವನು ಹೊರಗೆ ಬಂದಾಗ ಗೋಡೆಯ ಬದಿಗೆ ಪ್ಲಾಸಿಡನೂ ಹನ್ನೆರಡು ಮಂದಿಯೂ ಒಂದೇ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ಬೇರೆ ಧರ್ಮದವರೆಂದು ಒಳಗೆ ಬರಲಾಗದವರು ಅಷ್ಟು ಹೊತ್ತೂ ಬಿಸಿಲಲ್ಲೇ ಇದ್ದರು. ಮೊರಿತಾ ಕೋಟಿನ ಗುಂಡಿ ಬಿಚ್ಚಿರಲಿಲ್ಲ. ರೋಮಿಯ ಮುಖ ಅತ್ತು ಕೆಂಪಾಗಿತ್ತು.

"ಇವನು ಯಾಕೆ ಇಷ್ಟು ಅಳುವುದು?" ರಫೀಕ್ ತಗ್ಗಿದ ಸ್ವರದಲ್ಲಿ ಕೇಳಿದ.

"ಹೋದ ವರ್ಷ ಇವನ ತಾಯಿ ತೀರಿಕೊಂಡಾಗ ರಜೆ ಸಿಕ್ಕಲಿಲ್ಲ. ಆ ದಿನ ನಿನ್ನ ಬಾವ ಡ್ಯೂಟಿ ಮುಗಿಸಿ ಬಂದು ಇವನ ರೂಮಿನಲ್ಲಿ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ. ಸುಮ್ಮನೆ ಕೂತದ್ದು. ನಿನಗೆ ಹೇಳಲಿಲ್ಲವಾ?"

ರಫೀಕ್ ಇಲ್ಲವೆಂದು ತಲೆಯಾಡಿಸಿದ. ಕೇಳಿದ್ದರಲ್ಲವೇ ಹೇಳುವುದು.

"ಇವತ್ತಿನ ಮ್ಯಾಚಿನ ಬಗ್ಗೆ ಬಾವ ಎಂತ ಹೇಳಿದ್ದರು?"

ಪ್ಲಾಸಿಡನ ಮುಖದಲ್ಲಿ ನಗು ಮೂಡಿತು. "ಸೆಮಿಫೈನಲಿಗೆ ಹೋಗಲಿಕ್ಕೆ ಕೊನೆಯ ಮೂರರಲ್ಲಿ ಎರಡು ಗೆದ್ದರೆ ಸಾಕಿತ್ತು. ಯಾವ ಎರಡು ಅಂತ ಕೇಳಿದೆ. 'ಕಷ್ಟದ ಎರಡನ್ನೂ ಗೆಲ್ತೇವೆ, ಸುಲಭದ್ದನ್ನು ಸೋಲ್ತೇವೆ, ನಮ್ಮವರ ಗುಣ ನನಗೆ ಗೊತ್ತಿಲ್ಲವಾ' ಅಂದರು. ಅವರಿರುವಾಗ ಮೊದಲ ಸ್ಥಾನದವರನ್ನು ಸೋಲಿಸಿದೆವು. ಹೋದ ಶುಕ್ರವಾರ ಎಲ್ಲರಿಗಿಂತ ಕೆಳಗಿದ್ದವರ ಹತ್ತಿರ ಸೋತೆವು. ಹೇಳಿದ ಹಾಗೆಯೇ."

"ಮತ್ತೆ ಇವತ್ತಿನದ್ದು?"

"ಕಷ್ಟದ್ದು."

ಗಂಟೆ ಒಂದೂ ಐವತ್ತು. ಎಲ್ಲರೂ ಬಸ್ಸು ಹತ್ತಿದರು. ದೊಡ್ಡ ರಸ್ತೆ ಸಿಕ್ಕಲ್ಲಿ ಕ್ಯಾಂಪು ಬಲಕ್ಕೆ, ಮೈದಾನ ಎಡಕ್ಕೆ. ರಫೀಕ್ ಅಲ್ಲಿ ಬಸ್ಸು ನಿಲ್ಲಿಸಿ ಹಿಂದೆ ತಿರುಗಿದ.

"ಮೊಹಿದ್ದೀನಾಕ, ನಾನು ಎಡಕ್ಕೆ ತಿರುಗಿಸಿದರೆ ತಪ್ಪಾಗ್ತದಾ?"

ಮೊಹಿದ್ದೀನ್ ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. "ದಫನ ಆಯಿತು, ದುಆ ಆಯಿತು. ನಮ್ಮ ಕಡೆಯಿಂದ ಆಗಬೇಕಾದದ್ದೆಲ್ಲ ಆಯಿತು. ಇವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಅದ್ದುವಿನ ಕೆಲಸವಲ್ಲವಾ? ಅದೊಂದು ಬಾಕಿ ಉಂಟು. ತಿರುಗಿಸು."

*

ಮೈದಾನ ಮುಟ್ಟಿದಾಗ ಎರಡೂ ಇಪ್ಪತ್ತು. ಹೊತ್ತು ಮೀರಿತ್ತು. ಆದರೆ ಎದುರಿನ ಕೊರಿಯನ್ನರ ಟೀಮು ಮೈದಾನ ಬಿಟ್ಟಿರಲಿಲ್ಲ. ಬಸ್ಸು ಕಂಡೊಡನೆ ಅವರ ಕ್ಯಾಪ್ಟನ್ ಎದ್ದು ಬಂದು ಅಂಪೈರಿನ ಹತ್ತಿರ ಏನೋ ಹೇಳಿದ. ಆಡದೆ ಸಿಕ್ಕಿದ ಗೆಲುವು ತಮಗೆ ಬೇಡವೆಂದನಂತೆ.

ಬಿಳಿ ಟೊಪ್ಪಿಯ ಇಪ್ಪತ್ತೇಳು ಮಂದಿ, ಚಪ್ಪಲಿಯಲ್ಲಿ ಖಬರಸ್ತಾನದ ಮರಳಿನೊಂದಿಗೆ, ಮರದ ಬೆಂಚುಗಳ ಮೇಲೆ ಸಾಲಾಗಿ ಕೂತರು. ಆಟ ಒಬ್ಬರಿಗೂ ಗೊತ್ತಿರಲಿಲ್ಲ. ಪ್ಲಾಸಿಡ್ ಸ್ಕೋರಿನ ಪುಸ್ತಕ ತುಂಬುತ್ತಲೇ ಒಂದೊಂದನ್ನೂ ವಿವರಿಸಿದ. ಕ್ಯಾಂಪಿನ ಟೀಮಿನವರು ಮೊದಲು ಮೂರು ಓಟ ಹಿಂದೆ ಬಿದ್ದರು. ಮತ್ತೆ ಸಮ ಮಾಡಿದರು. ಮತ್ತೆ ಹಿಂದೆ ಬಿದ್ದರು. ರಫೀಕನಿಗೆ ಯಾವಾಗ ತಾನು ಬೆಂಚಿನ ತುದಿಗೆ ಸರಿದು ಕೂತೆ ಎಂದು ತಿಳಿಯಲಿಲ್ಲ. ಕೊನೆಯ ಸರದಿಯಲ್ಲಿ ರೋಮಿ ಹೊಡೆದ ಚೆಂಡು ಬೇಲಿಗೆ ಬಡಿದು ಪುಟಿದು ಬಂತು. ಇಬ್ಬರು ಒಬ್ಬರ ಹಿಂದೊಬ್ಬರು ಓಡಿ ಬಂದು ಹೊರಟ ಜಾಗವನ್ನು ಮುಟ್ಟಿದರು. ಆರಕ್ಕೆ ಐದು, ಗೆಲುವು.

ಮೊಹಿದ್ದೀನ್ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಕೆಳಗೆ ಮೊರಿತಾ ಟೊಪ್ಪಿ ತೆಗೆದು ಬೆಂಚುಗಳತ್ತ ಸೊಂಟ ಬಗ್ಗಿಸಿ ವಂದಿಸಿದ. ಬಹಳ ಹೊತ್ತು ತಲೆ ಎತ್ತಲಿಲ್ಲ.

ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ ರಫೀಕ್ ಪೇಟೆಯ ಟೆಲಿಫೋನ್ ಬೂತಿಗೆ ಹೋದ. ಶುಕ್ರವಾರದ ಸಂಜೆ, ಅವನ ಹಿಂದೆ ಉದ್ದ ಸಾಲು. ಉಳ್ಳಾಲದಲ್ಲಿ ಅಕ್ಕ ಆಮಿನತ್ ಮೊದಲ ರಿಂಗಿಗೇ ಎತ್ತಿದಳು. ಯಾರು ಖಬರಿಗಿಳಿದರು, ಯಾರು ದುಆ ಮಾಡಿದರು, ಎಷ್ಟು ಜನ ಬಂದಿದ್ದರು, ಎಲ್ಲವನ್ನೂ ಹೇಳಿದ. ಮೈದಾನಕ್ಕೆ ಹೋದದ್ದನ್ನು ಹೇಳಲಿಲ್ಲ. ಹೇಗೆ ಹೇಳುವುದೆಂದು ತೋಚಲಿಲ್ಲ.

ಆ ಕಡೆ ಅಕ್ಕ ಅಳು ನಿಲ್ಲಿಸಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ರಫೀಕ್."

"ಹೇಳಕ್ಕ."

"ಇವತ್ತು ಅವರ ಟೀಮಿನದ್ದು ಕೊರಿಯಾದವರ ಜೊತೆಯಲ್ಲವಾ? ಎಂತಾಯ್ತು?"

ರಫೀಕ್ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಗೆದ್ದರಕ್ಕ."

"ಹಾಗೆ ಒಂದೇ ಮಾತಿನಲ್ಲಿ ಹೇಳಬೇಡ. ಮೊದಲಿಂದ ಹೇಳು. ಅವರು ಫೋನಿನಲ್ಲಿ ಹಾಗೆಯೇ ಹೇಳುವುದು."

ರಫೀಕ್ ಮೊದಲಿಂದ ಶುರು ಮಾಡಿದ. ರೋಮಿ ಹೊಡೆದ ಹೊಡೆತಕ್ಕೆ ಬರುವಾಗ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಆ ಇಕ್ಕಟ್ಟಿನ ಗಾಜಿನ ಗೂಡಿನೊಳಗೆ ಎರಡೂ ಕೈಗಳಿಂದ ಬ್ಯಾಟು ಬೀಸಿ ತೋರಿಸಿದ. ಹೊರಗೆ ಸಾಲಿನಲ್ಲಿ ನಿಂತವರು ಮಾತು ನಿಲ್ಲಿಸಿ ನೋಡಿದರು.