ಗದ್ದೆಪ್ಪನ ಮೀಸೆ

ಪಾಮನಕಲ್ಲೂರಿನ ಗದ್ದೆಪ್ಪ ಮಾತು ಶುರು ಮಾಡುತ್ತಿದ್ದದ್ದೇ ಮೀಸೆಯನ್ನು ಎರಡು ಬೆರಳಲ್ಲಿ ಹಿಡಿದು. ಹಿಡಿದ ಮೀಸೆ ಬಿಟ್ಟನೆಂದರೆ ಮಾತು ಮುಗಿಯಿತೆಂದು ಅರ್ಥ. ಔಡಲೆಣ್ಣೆ ಹಚ್ಚಿ ಹುರಿಗೊಳಿಸಿದ ಆ ಮೀಸೆಯನ್ನು ಸಿಂಧನೂರಿನಿಂದ ಮಸ್ಕಿಯವರೆಗೆ ಎಲ್ಲರೂ ಬಲ್ಲರು, ಏಕೆಂದರೆ ಆ ಸೀಮೆಯ ಹೋರಿಗಳ ಬೀಜ ಒಡೆದು ಎತ್ತು ಮಾಡಿಕೊಡುವುದು ಅವನ ಕಸುಬು. ಕೆಡವಿದ ಹೋರಿಯ ಕೊರಳ ಮೇಲೆ ಅವನು ಮೊಣಕಾಲೂರಿ ಕೂತನೆಂದರೆ ಅದು ಮಿಸುಕುತ್ತಿರಲಿಲ್ಲ.

ಆ ಮೀಸೆ ತಾನಾಗಿ ಬಂದದ್ದಲ್ಲ. ಹುಡುಗನಾಗಿದ್ದಾಗ ಮಂಗನಬಾವು ಬಂದು, ಬಾವು ಕೆಳಗಿಳಿದು, ಅವನ ವೃಷಣಗಳೆರಡೂ ಬತ್ತಿಹೋಗಿದ್ದವು. ಇಪ್ಪತ್ತೈದು ತುಂಬಿದರೂ ಗಲ್ಲ ನುಣ್ಣಗೆ, ದನಿ ಎಳಸು. ಲಿಂಗಸುಗೂರಿನ ಡಾಕ್ಟರ್ ಬಸವಂತರಾಯರು ತಿಂಗಳಿಗೊಮ್ಮೆ ಎಣ್ಣೆಯಂಥ ಮದ್ದಿನ ಸೂಜಿ ಚುಚ್ಚತೊಡಗಿದ ಮೇಲೆ ದನಿ ಒಡೆಯಿತು, ಮೀಸೆ ಚಿಗುರಿತು, ಮದುವೆಯೂ ಆಯಿತು. ಮಕ್ಕಳಾಗುವುದಿಲ್ಲವೆಂದು ಆಮೇಲೆ ತಿಳಿದಾಗ ಹೆಂಡತಿ ಗ್ಯಾನಮ್ಮ ಮಸ್ಕಿ ಮಲ್ಲಯ್ಯನ ಗುಡ್ಡ ಹತ್ತಿ, ಏನನ್ನೂ ಬೇಡದೆ ಕೂತು, ಇಳಿದು ಬಂದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಎಂಬತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಮಸ್ಕಿಯ ಚಹಾದಂಗಡಿಯಲ್ಲಿ ಯಾರೋ ಅಂದರು: “ಊರ ಹೋರಿದೆಲ್ಲಾ ಇವ ಒಡೀತಾನ, ಇವನ್ದು ಯಾರು ಒಡದ್ರಲೇ? ಸೂಜಿ ಮಾಡಿಸ್ಕೊಂಡು ಮೀಸಿ ತಿರವತಾನ.” ಗದ್ದೆಪ್ಪ ಅರ್ಧ ಚಹಾ ಬಿಟ್ಟು ಎದ್ದ. ಲಿಂಗಸುಗೂರಿನ ಬಸ್ಸನ್ನು ಮತ್ತೆ ತಾನಾಗಿ ಹತ್ತಲಿಲ್ಲ.

ಒಮ್ಮೆ ಮಾತ್ರ ಗ್ಯಾನಮ್ಮ ಕಾಡಿ ಬೇಡಿ ಕರೆದೊಯ್ದಳು. ಬಂದ ಮೀಸೆ ಮದ್ದು ಬಿಟ್ಟರೂ ಉಳಿದೀತು, ಎಲುಬು ಉಳಿಯುವುದಿಲ್ಲ, ಒಳಗೊಳಗೇ ಜೋಳದ ದಂಟಿನಂತೆ ಟೊಳ್ಳಾಗುತ್ತದೆ ಎಂದು ಡಾಕ್ಟರರು ತಿಳಿಸಿ ಹೇಳಿದರು. ಗದ್ದೆಪ್ಪ ಮೀಸೆ ಹಿಡಿದ.

“ಬೀಜ ಒಡದ ಎತ್ತ ಗಳೇ ಹೊಡೀತೈತ್ರಿ, ಬಂಡಿ ಎಳೀತೈತ್ರಿ. ಗೂಳಿ ಏನ್ ಮಾಡತೈತಿ, ಊರು ತಿರಗತೈತಿ. ಎಲುಬಿನ ಮಾತು ನನಗ ಹೇಳಬ್ಯಾಡ್ರಿ ಸಾಹೇಬ್ರ.”

“ನೀ ಎತ್ತಲ್ಲಪ್ಪಾ,” ಎಂದರು ಡಾಕ್ಟರು.

ಗದ್ದೆಪ್ಪ ಆಗಲೇ ಹಿಡಿದ ಮೀಸೆ ಬಿಟ್ಟಿದ್ದ. ಆ ಮಾತನ್ನು ಕೇಳಿಸಿಕೊಂಡವಳು ಗ್ಯಾನಮ್ಮ ಒಬ್ಬಳೇ.

ಅವಳು ಜಗಳ ಮಾಡಲಿಲ್ಲ. ತಿಂಗಳು ತುಂಬಿದಾಗಲೆಲ್ಲ, ಲಿಂಗಸುಗೂರಿಗೆ ಉಟ್ಟು ಹೊರಡಲೆಂದು, ಒಗೆದ ಧೋತ್ರವನ್ನು ಹೊರಸಿನ ಮೇಲಿಡುವಳು. ಅವನು ಅದನ್ನು ಮಡಚಿ ಮತ್ತೆ ಟ್ರಂಕಿಗೆ ಹಾಕುವನು. ವರುಷಗಳು ಕಳೆದಂತೆ ಅವನ ಬೆನ್ನು ಬಾಗಿ, ಧೋತ್ರದ ಅಂಚು ನೆಲ ಗುಡಿಸತೊಡಗಿತು. ಈಗಿನವರು ಧೋತ್ರ ಉದ್ದ ನೇಯುತ್ತಾರೆಂದು ಅವನು ಗೊಣಗಿದ. ಅದು ಮದುವೆಯ ವರ್ಷದ ಧೋತ್ರವೇ ಆಗಿತ್ತು.

ತೊಂಬತ್ತೈದನೇ ಇಸವಿಯಲ್ಲಿ ಗೊರೇಬಾಳದ ಒಂದು ಹಿತ್ತಲಲ್ಲಿ ಅವನು ಮೊಣಕಾಲೂರಿ ಕೂತಾಗ, ಕೆಳಗಿದ್ದ ಹೋರಿ ಬರೀ ಕೊರಳು ಕೊಡವಿತು. ಲಟಕ್ಕೆಂದ ಸದ್ದಿಗೆ ಹೋರಿಯ ಕಾಲೇ ಮುರಿಯಿತೆಂದು ಜನ ಹಗ್ಗ ಬಿಚ್ಚಿದರು. ಅದು ಎದ್ದು ಓಡಿಹೋಯಿತು. ಏಳದೆ ಉಳಿದವನು ಗದ್ದೆಪ್ಪ. ಮುರಿದದ್ದು ಅವನ ಸೊಂಟದ ಕೆಳಗಿನ ಎಲುಬು. ಅದು ಮತ್ತೆ ನೆಟ್ಟಗೆ ಕೂಡಲಿಲ್ಲ.

“ಉಳಿದ ಎಲುಬರ ಉಳೀಲಿ, ಈಗರ ಸೂಜಿ ಮಾಡಿಸ್ಕೋರಿ,” ಎಂದಳು ಗ್ಯಾನಮ್ಮ.

ಅವನು ಮಲಗಿದಲ್ಲೇ ಮೀಸೆ ಹಿಡಿದ. “ಮೀಸಿ ಐತಲ್ಲಬೇ ಇನ್ನಾ,” ಎಂದು, ಬಿಟ್ಟ.

ಈಗ ದಿನ ಬೆಳಗಾದರೆ ಅವಳು ಅವನ ಕಂಕುಳಿಗೆ ಕೈಕೊಟ್ಟು ಎತ್ತಿ, ಗೋಡೆಗೆ ಆನಿಸಿ, ಮೈ ಒರೆಸಿ, ಮೀಸೆಗೆ ಎಣ್ಣೆ ಹಚ್ಚುತ್ತಾಳೆ. ನೋಡಬಂದವರು ಮೀಸೆ ಇನ್ನೂ ಹಾಗೇ ಇದೆಯೆಂದು ಹೊಗಳಿ ಹೋಗುತ್ತಾರೆ.

ಓಣಿಯ ಕಣ್ಣಿಗೆ ಬೀಳುವುದನ್ನಷ್ಟೇ ಗಂಡಸ್ತನವೆಂದು ಕಾಯ್ದುಕೊಂಡು, ತಮ್ಮನ್ನು ನೆಟ್ಟಗೆ ನಿಲ್ಲಿಸಿರುವುದನ್ನು ಒಳಗೊಳಗೇ ಸವೆಯಲು ಬಿಡುವ ಗಂಡಸರು ಊರೂರಿಗೂ ಇದ್ದಾರೆ. ಅವರನ್ನು ಕ್ಷಮಿಸುವುದು ಮಲ್ಲಯ್ಯನಿಗೆ ಬಿಟ್ಟದ್ದು. ಎಬ್ಬಿಸಿ ಕೂರಿಸುವುದು ಮಾತ್ರ ಎಂದಿಗೂ ಹೆಂಡಂದಿರ ಪಾಲಿನ ಕೆಲಸ.